ಎದ್ದು ಬಂದಾಗ ಎಷ್ಟು ವಯಸ್ಸು

5 ಫೆಬ್ರವರಿ 1979, ಸೋಮವಾರ. ಸಂಜೆ 6

ಇವರು ಇನ್ನೂ ಬಂದಿಲ್ಲ. ಬೆಳ್ಳಾವಿಯಲ್ಲಿ ಬೆಟ್ಟಯ್ಯನ ಎಮ್ಮೆ ಈಯಲು ಕಷ್ಟಪಡುತ್ತಿದೆಯಂತೆ. ರಿಟೈರ್ ಆಗಿ ಎರಡು ವರ್ಷ. ಪಶು ಆಸ್ಪತ್ರೆಗೆ ಹೊಸ ಡಾಕ್ಟರು ಬಂದಿದ್ದಾರೆ, ದೊಡ್ಡ ಓದು ಓದಿದವರು. ಆದರೂ ಸುತ್ತಲಿನ ಎಮ್ಮೆಗಳಿಗೆಲ್ಲ ಕಾಂಪೌಂಡರಯ್ಯನೇ ಬೇಕು. ಕರೆದರೆ ಸಾಕು, ಊಟ ಅರ್ಧಕ್ಕೆ ಬಿಟ್ಟು ಸೈಕಲ್ ಹತ್ತುತ್ತಾರೆ. ನಾನು ಕರೆದರೆ ಮಾತ್ರ ಕಿವಿ ಕೇಳಿಸುವುದಿಲ್ಲ.

ಸ್ಕೂಲಿನಲ್ಲಿ ಇನ್ಸ್‌ಪೆಕ್ಷನ್. ಮೂರನೇ ಕ್ಲಾಸಿನ ಹುಡುಗಿಯರು ಒಂಬತ್ತರ ಮಗ್ಗಿ ತಪ್ಪಿದರು. ತಿದ್ದಲು ಹೋಗಿ ಇನ್ಸ್‌ಪೆಕ್ಟರೂ ತಪ್ಪಿದರು. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ.

7-30. ಬಂದರು. ಹೆಣ್ಣುಕರುವಂತೆ. ತಮಗೇ ಮೊಮ್ಮಗಳು ಹುಟ್ಟಿದ ಹಾಗೆ ಮುಖ. ಬಚ್ಚಲಿಗೆ ಹೋಗದೆ ಒಳಗೆ ಕಾಲಿಡಬೇಡಿ ಅಂದೆ. ಕಾಲಿಟ್ಟರು. ಈಗ ಮನೆಯೆಲ್ಲ ಫಿನಾಯಿಲ್ ಮತ್ತು ಎಮ್ಮೆ.

19 ಫೆಬ್ರವರಿ, ಸೋಮವಾರ

ಬರೆಯಬೇಕು. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದೇ ಇಲ್ಲ.

ಹನ್ನೊಂದನೇ ತಾರೀಕು, ಭಾನುವಾರ, ಇವರು ತೀರಿಕೊಂಡರು. ಚರ್ಚಿನಲ್ಲಿ ಆರಾಧನೆ ಮುಗಿಸಿ ಬಂದು ಊಟಕ್ಕೆ ಕೈ ತೊಳೆಯಲು ಹೋದವರು ಬಚ್ಚಲ ಬಾಗಿಲಲ್ಲೇ ಕುಳಿತರು. ‘ಕರುಣ, ಸ್ವಲ್ಪ ನೀರು’ ಅಂದರು. ಲೋಟ ಹಿಡಿದು ಬರುವಷ್ಟರಲ್ಲಿ... ಹಾರ್ಟು ಅಂದರು ಡಾಕ್ಟರು. ಐವತ್ತೇಳು ವರ್ಷ.

ಅಳು ಬರಲಿಲ್ಲ. ಇನ್ನೂ ಬಂದಿಲ್ಲ. ಕುಣಿಗಲ್‌ನಿಂದ ಮಗಳು ಪ್ರಿಯಲತಾ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿದೆ. ಸಭೆಯವರೆಲ್ಲ ‘ಕರುಣಾವತಿ ಟೀಚರ ವಿಶ್ವಾಸ ನೋಡಿ, ಒಂದು ಹನಿ ಕಣ್ಣೀರಿಲ್ಲ’ ಅಂದರು. ವಿಶ್ವಾಸವೋ ಏನೋ. ಒಳಗೆ ಕರಿಹಲಗೆ ಒರೆಸಿಟ್ಟ ಹಾಗಿದೆ.

ಮಾರನೆಯ ದಿನ ಮಣ್ಣು. ಹನ್ನೊಂದು ಗಂಟೆಗೆ ಗುಬ್ಬಿಯಿಂದ ಮೈದುನ ಏಕಾಂತಯ್ಯ ಒಂದು ವ್ಯಾನ್ ತುಂಬ ಜನರನ್ನು ತಂದರು. ಗುಬ್ಬಿಯಲ್ಲಿ ಅವರದು ಗೊಬ್ಬರದ ಅಂಗಡಿ. ಇವರು ಹುಟ್ಟಿದ್ದು ನಿಟ್ಟೂರಿನ ಲಿಂಗಾಯತರ ಮನೆಯಲ್ಲಿ, ಗುರುಸಿದ್ದಯ್ಯ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಸಮುವೇಲ ಗುರುಸಿದ್ದಯ್ಯ ಆದರು. ಅಂದಿನಿಂದ ಆ ಮನೆಯವರು ಈ ಮನೆಯ ಹೊಸಿಲು ತುಳಿದಿರಲಿಲ್ಲ. ಇವರು ಮಾತ್ರ ತಿಂಗಳಿಗೊಮ್ಮೆ ನಿಟ್ಟೂರಿಗೆ ಹೋಗಿ, ಜಗಲಿಯ ಮೇಲೆ ಕೂತು, ಅಮ್ಮ ಎಲೆಯಲ್ಲಿ ಬಡಿಸಿದ್ದನ್ನು ಉಂಡು, ಎಲೆ ತಾವೇ ಎತ್ತಿ ಬರುತ್ತಿದ್ದರು. ಮೂವತ್ತಮೂರು ವರ್ಷ. ‘ಬೇಜಾರಾಗಲ್ವಾ?’ ಅಂತ ಒಮ್ಮೆ ಕೇಳಿದ್ದೆ. ‘ಜಗಲೀಲಿ ಗಾಳಿ ಚೆನ್ನಾಗಿ ಬರುತ್ತೆ’ ಅಂದಿದ್ದರು.

ಏಕಾಂತಯ್ಯ ಶವದ ಪೆಟ್ಟಿಗೆ ನೋಡಿದ್ದೇ ತಡ, ಜಗಳ ಶುರುವಾಯಿತು. ಅವರ ಕಡೆ ಕೂರಿಸಿ ಹೂಳುವುದು ಪದ್ಧತಿ.

“ಇದೇನ್ ಸ್ವಾಮಿ, ಮಲಗ್ಸೋದು? ನಮ್ಮಣ್ಣನ್ನ ಕೂರಿಸ್ಬೇಕು!”

ನಮ್ಮ ಸಭಾಪಾಲಕರು ಜ್ಞಾನಮಿತ್ರ ಅಯ್ಯನವರು. ಇಪ್ಪತ್ತೆಂಟು ವರ್ಷ, ಸೆಮಿನರಿಯಿಂದ ನೇರ ಇಲ್ಲಿಗೆ ಬಂದವರು. ಮೆತ್ತಗೆ ಹೇಳಿದರು: “ನೋಡಿ, ಅವರು ಕ್ರೈಸ್ತರು. ಕರ್ತನು ಬರುವ ದಿನ ತುತೂರಿ ಊದಿದಾಗ ಎದ್ದು ಬರ್ತಾರೆ. ಆ ನಿರೀಕ್ಷೆಯಿಂದ ಮಲಗಿಸ್ತೀವಿ.”

“ಎದ್ದು ಬರೋರ್ನ ಯಾರಾದ್ರೂ ಮಲಗ್ಸಿ ಮೊಳೆ ಹೊಡೀತಾರಾ? ಕೂರಿಸಿದ್ರೆ ಕರೆದ ತಕ್ಷಣ ಎದ್ದು ನಿಲ್ತಾನೆ. ಮಲಗ್ಸಿದ್ರೆ ಮೊದ್ಲು ಎದ್ದು ಕೂರಬೇಕು, ಆಮೇಲೆ ಎದ್ದು ನಿಲ್ಲಬೇಕು. ಸುಮ್ನೆ ಟೈಮ್ ವೇಸ್ಟು!”

ಅಯ್ಯನವರು ಪ್ರಾರ್ಥನೆ ಪುಸ್ತಕದ ಹಾಳೆ ತಿರುಗಿಸಿದರು. ಇದಕ್ಕೆ ಉತ್ತರ ಸೆಮಿನರಿಯಲ್ಲಿ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ.

ವ್ಯಾನಿನಿಂದ ಎಲ್ಲರಿಗಿಂತ ಕೊನೆಗೆ ಇಳಿದವರು ಅತ್ತೆ, ಬಸವಲಿಂಗಮ್ಮ. ಎಪ್ಪತ್ತೈದು ವರ್ಷ, ಕೈಯಲ್ಲಿ ಕೋಲು, ಹಣೆ ತುಂಬ ವಿಭೂತಿ. ಯಾರನ್ನೂ ನೋಡದೆ ಹೊಸಿಲು ದಾಟಿದರು. ಮಗನ ಮುಖ ಎರಡೂ ಕೈಯಲ್ಲಿ ಹಿಡಿದು, ತುಮಕೂರಿನ ನಮ್ಮ ಸದಾಶಿವನಗರಕ್ಕೆಲ್ಲ ಕೇಳುವ ಹಾಗೆ ಅತ್ತರು. ನಮ್ಮ ಕಡೆಯವರು ನೆಲ ನೋಡಿದರು. ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದೆಂದು ಅಯ್ಯನವರು ಆಗಷ್ಟೇ ಹೇಳಿ ಮುಗಿಸಿದ್ದರು. ಅತ್ತೆ ಅತ್ತು ಮುಗಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ತೀರ್ಪು ಕೊಟ್ಟರು:

“ಮಲಗ್ಲಿ ಬುಡ್ರೋ. ಜೀವಮಾನೆಲ್ಲ ದನದ ಹಿಂದೆ ನಿಂತೇ ಇದ್ದ. ಕಾಲು ಚಾಚ್ಕೊಳ್ಳಿ.”

ಮಲಗಿಸಿದೆವು.

ಸಂಜೆ ವ್ಯಾನ್ ಹೊರಟಿತು. ಅತ್ತೆ ಚಾಪೆ ಬಿಟ್ಟು ಏಳಲಿಲ್ಲ.

“ಅವ್ವ, ಏಳು” ಅಂದರು ಏಕಾಂತಯ್ಯ.

“ನೀನ್ ಹೋಗ್ಲಾ. ಅವ್ನು ಎದ್ದು ಬತ್ತಾನೆ ಅಂದ್ರಲ್ಲ ಆ ಹುಡುಗಯ್ನೋರು. ಬಂದಾಗ ನಾನ್ ನಿಟ್ಟೂರಲ್ಲಿ ಕೂತಿದ್ರೆ?”

ಒಂದು ವಾರ ಇರುತ್ತಾರೆ ಅಂದುಕೊಂಡೆ. ವಾರ ಇವತ್ತಿಗೆ ಮುಗಿಯಿತು. ಅತ್ತೆ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದಾರೆ.

21 ಫೆಬ್ರವರಿ, ಬುಧವಾರ

ನಮ್ಮ ಅಡುಗೆಮನೆ ಅತ್ತೆಗೆ ಆಗದು. ಮೊಟ್ಟೆ ಬೇಯಿಸಿದ ಪಾತ್ರೆ ಯಾವುದು ಅಂತ ಕೇಳಿದರು. ತೋರಿಸಿದೆ. ಅದರ ಪಕ್ಕದ್ದು? ಅದರಲ್ಲೂ ಬೇಯಿಸಿದ್ದೆ. ಒಟ್ಟು ಏಳು ಪಾತ್ರೆ ಹೊರಗೆ ಬಂದವು. ಉಳಿದದ್ದು ಒಂದು ಜರಡಿ.

ಬೆಳಿಗ್ಗೆ ಹಾಲ್‌ನಲ್ಲಿ ಕೂತು ಎದೆಯ ಮೇಲಿನ ಲಿಂಗ ಕೈಗಿಟ್ಟುಕೊಂಡು ಪೂಜೆ. ನಮ್ಮ ಯೇಸುವಿನ ಪಟದ ನೇರ ಕೆಳಗೇ. ಬೇರೆ ಕಡೆ ಬೆಳಕಿಲ್ಲವಂತೆ. ಮುಗಿಸಿ ಪಟ ನೋಡಿದರು.

“ಟೀಚ್ರಮ್ಮ, ಇವ್ರಿಗೂ ಒಂದು ಹೂ ಮುಡಿಸ್ಲಾ?”

“ನಾವು ಹೂ ಇಡೋದಿಲ್ಲ ಅತ್ತೆ.”

“ಯಾಕೆ, ಹೂ ಇಟ್ರೆ ನೆಗಡಿ ಆಯ್ತದಾ ಇವ್ರಿಗೆ?”

ಮೂವತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಯಾವ ಮಗುವೂ ಇಂಥ ಪ್ರಶ್ನೆ ಕೇಳಿಲ್ಲ.

25 ಫೆಬ್ರವರಿ, ಭಾನುವಾರ

ಅತ್ತೆ ದೇವಾಲಯಕ್ಕೆ ನನ್ನ ಜೊತೆ ಹೊರಟರು. ಬೇಡ ಅನ್ನಲು ಕಾರಣ ಸಿಗಲಿಲ್ಲ. ನಮ್ಮಲ್ಲಿ ಹೆಂಗಸರು ಎಡಗಡೆ, ಗಂಡಸರು ಬಲಗಡೆ. ಅತ್ತೆ ಬಾಗಿಲಲ್ಲೇ ನಿಂತು, “ಅವ್ನು ಎಲ್ಲಿ ಕೂರ್ತಿದ್ದ?” ಅಂದರು. ಬಲಗಡೆ ಮೂರನೇ ಬೆಂಚು ತೋರಿಸಿದೆ. ನೇರ ಹೋಗಿ ಅಲ್ಲೇ ಕೂತರು. ಆ ಬೆಂಚಿನ ಗಂಡಸರು ಒಬ್ಬೊಬ್ಬರಾಗಿ ಹಿಂದಿನ ಬೆಂಚಿಗೆ ಜಾರಿದರು. ಒಂದಿಡೀ ಬೆಂಚಿನಲ್ಲಿ ವಿಭೂತಿ ಹಚ್ಚಿದ ಅಜ್ಜಿ ಒಬ್ಬರೇ.

ವಿಶ್ವಾಸ ಪ್ರಮಾಣ ಹೇಳುವಾಗ, ಸತ್ತವರ ದೇಹಗಳು ಏಳುತ್ತವೆ ಎಂದು ನಂಬುತ್ತೇನೆ ಅನ್ನುವ ಮಾತು ಬಂತು. ನನ್ನ ಗಂಟಲಿನಿಂದ ಸ್ವರ ಹೊರಡಲಿಲ್ಲ. ಹೋದ ಭಾನುವಾರವೂ ಹೀಗೇ ಆಯಿತು. ಇನ್ನೂರು ಜನರ ಧ್ವನಿಯಲ್ಲಿ ಯಾರಿಗೆ ಗೊತ್ತಾಗಬೇಕು?

ದಾರಿಯಲ್ಲಿ ಅತ್ತೆ: “ಎಲ್ರೂ ಏನೋ ಒದರ್ತಿದ್ರಲ್ಲ. ಮಧ್ಯದಲ್ಲಿ ನಿನ್ ಬಾಯಿ ಯಾಕೆ ನಿಂತೋಯ್ತು?”

“ಕೆಮ್ಮು ಬಂತು.”

“ಕೆಮ್ಮಲಿಲ್ಲ ನೀನು.”

6 ಮಾರ್ಚ್, ಮಂಗಳವಾರ

ಅಯ್ಯನವರು ಮನೆ ಭೇಟಿಗೆ ಬಂದರು. ಕಾಫಿ ಕೊಟ್ಟೆ. ಇನ್ನೂ ಒಂದು ಗುಟುಕು ಕುಡಿದಿಲ್ಲ, ಅತ್ತೆ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತರು.

“ಅಯ್ನೋರೇ, ನನ್ ಮಗ ಎದ್ದು ಬರೋವಾಗ ಎಷ್ಟು ವಯಸ್ಸಿರ್ತದೆ?”

ಅಯ್ಯನವರು ಮಹಿಮೆಯ ದೇಹ, ನಾಶವಿಲ್ಲದ ದೇಹ ಅಂತ ಹತ್ತು ನಿಮಿಷ ಚೆನ್ನಾಗಿ ಹೇಳಿದರು. ಅತ್ತೆ ಪೂರ್ತಿ ಕೇಳಿದರು.

“ಅದ್ಸರಿ. ವಯಸ್ಸು?”

“ಅಜ್ಜಿ... ಹಿಂದಿನ ಕಾಲದ ಕೆಲವು ಪಂಡಿತರು ಮೂವತ್ತಮೂರು ಅಂತ ಹೇಳಿದ್ದಾರೆ. ಯೇಸುಸ್ವಾಮಿ ಎದ್ದಾಗ ಇದ್ದ ವಯಸ್ಸು.”

ಅತ್ತೆಯ ಮುಖ ಬಿದ್ದುಹೋಯಿತು. “ಮೂವತ್ತಮೂರು ಬ್ಯಾಡ. ಆಗ ಅವನ್ನ ಜಗಲಿ ಮೇಲೆ ಕೂರಿಸಿ ಊಟ ಹಾಕ್ತಿದ್ದೆ. ಎಂಟು ವರ್ಷ ಮಾಡಿ. ಎಂಟರಲ್ಲಿ ನನ್ನ ಸೆರಗು ಬಿಡ್ತಿರಲಿಲ್ಲ.”

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಎಂಟು ವರ್ಷದ ಹುಡುಗನಿಗೆ ನಾನು ಯಾರು ಅತ್ತೆ? ನನ್ನ ಗುರುತೇ ಇರಲ್ಲ. ಇಪ್ಪತ್ತಾರು. ನಮ್ಮ ಮದುವೆ ವಯಸ್ಸು. ಮೀಸೆ ಇತ್ತು.”

“ಮೀಸೆ ಕಟ್ಕೊಂಡು ನಾನೇನ್ ಮಾಡ್ಲಿ?”

“ಹಾಗಾದ್ರೆ ನಾನು ಎಂಟು ವರ್ಷದವನನ್ನ ಕಟ್ಕೊಂಡು ಏನ್ ಮಾಡ್ಲಿ?”

“ಹತ್ತು ಮಾಡ್ಕೋ.”

“ಇಪ್ಪತ್ತೈದಕ್ಕಿಂತ ಕಡಿಮೆ ಆಗಲ್ಲ.”

ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವ ಹಾಗೆ. ಅಯ್ಯನವರು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ. ಕಾಫಿ ಕೆನೆಗಟ್ಟಿತು. ಕೊನೆಗೆ “ಪ್ರಾರ್ಥನೆ ಮಾಡೋಣ” ಅಂದರು. ಪ್ರಾರ್ಥನೆಯಲ್ಲಿ ವಯಸ್ಸಿನ ವಿಚಾರ ಎತ್ತಲಿಲ್ಲ, ಜಾಣರು.

8 ಮಾರ್ಚ್, ಗುರುವಾರ

ಎರಡು ದಿನದಿಂದ ಮಾತಿಲ್ಲ. ಅವರು ಹಿತ್ತಲಲ್ಲಿ ಉಣ್ಣುತ್ತಾರೆ, ನಾನು ಒಳಗೆ. ಸತ್ತವರ ವಯಸ್ಸಿಗಾಗಿ ಬದುಕಿರುವ ಇಬ್ಬರು ಹೆಂಗಸರ ಜಗಳ. ಇವರಿದ್ದಿದ್ದರೆ ನಕ್ಕು ಸೈಕಲ್ ಹತ್ತುತ್ತಿದ್ದರು.

ಆದರೂ ಎಂಟು ವರ್ಷ ಅನ್ನುವುದು ಅನ್ಯಾಯ.

9 ಮಾರ್ಚ್, ಶುಕ್ರವಾರ

ಬೆಳ್ಳಾವಿಯ ಬೆಟ್ಟಯ್ಯ ಬಂದಿದ್ದ. ಬಾಳೆಲೆಯಲ್ಲಿ ಒಂದು ಉಂಡೆ ಬೆಣ್ಣೆ. ಅವತ್ತಿನ ಎಮ್ಮೆಯದು. “ಕಾಂಪೌಂಡ್ರಯ್ಯ ಇಲ್ವಾ?” ಅಂದ. ಗೊತ್ತಿರಲಿಲ್ಲ ಪಾಪ. ಹೇಳಿದೆ. ಬಾಗಿಲಲ್ಲೇ ಕುಸಿದು ಟವಲ್ ಬಾಯಿಗೆ ಒತ್ತಿಕೊಂಡ. ನನಗೆ ಆಗಲೂ ಅಳು ಬರಲಿಲ್ಲ. ಬೆಣ್ಣೆ ಕರಗುತ್ತಿದೆ, ಒಳಗಿಡಬೇಕು ಅನ್ನಿಸಿತು. ಎಂಥ ಹೆಂಗಸು ನಾನು.

ಅತ್ತೆ ಹಿತ್ತಲಿನಿಂದ ಬಂದರು. ಬೆಟ್ಟಯ್ಯನಿಗೆ ತಮ್ಮ ಒಲೆಯ ಮುದ್ದೆ ಬಡಿಸಿದರು. ಅವನು ಉಣ್ಣುವಾಗ ಕೇಳಿಯೇಬಿಟ್ಟರು, ಎದ್ದು ಬಂದರೆ ನಿನಗೆ ಎಷ್ಟು ವಯಸ್ಸಿನ ಕಾಂಪೌಂಡರ್ ಬೇಕು ಅಂತ. ಬೆಟ್ಟಯ್ಯ ಯೋಚಿಸಿದ. ಮುದ್ದೆ ನುಂಗಿದ.

“ಹೆಂಗ್ ಹೋದ್ರೋ ಹಂಗೇ ಬರ್ಲಿ ಕಣವ್ವ. ಸಣ್ ಹುಡುಗನ್ನ ನಮ್ ಎಮ್ಮೆ ಹತ್ರ ಬಿಟ್ಕೊಳಲ್ಲ, ಒದೀತದೆ.”

ಅತ್ತೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಇಬ್ಬರಿಗೂ ನಗು. ಬೆಟ್ಟಯ್ಯ ಗಾಬರಿಯಾಗಿ ಇನ್ನೊಂದು ಮುದ್ದೆ ಉಂಡ.

ಐವತ್ತೇಳಕ್ಕೆ ಇಬ್ಬರೂ ಒಪ್ಪಿದ್ದೇವೆ. ಅತ್ತೆ ಇವತ್ತು ನನ್ನ ಕೈಯ ಸಾರು ಬಡಿಸಿಕೊಂಡರು. ಉಪ್ಪು ಕಡಿಮೆಯಂತೆ.

17 ಮಾರ್ಚ್, ಶನಿವಾರ

ಹೆಂಗಸರ ಕೂಟ. ಅಧ್ಯಕ್ಷೆ ಸಮಾಧಾನಮ್ಮ ಎಲ್ಲರ ಎದುರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ದುಃಖದಲ್ಲೂ ಕಣ್ಣೀರಿಡದೆ ಹೇಗೆ ಗಟ್ಟಿಯಾಗಿದ್ದೇನೆ ಅಂತ ಸಾಕ್ಷಿ ಹೇಳಬೇಕಂತೆ. ಎದ್ದು ನಿಂತೆ. “ಕರ್ತನ ಕೃಪೆಯಿಂದ...” ಅಂದೆ. ಎಲ್ಲರೂ ಕಾಯುತ್ತಿದ್ದಾರೆ. ನನ್ನ ಜೊತೆ ಬಂದು ಬಾಗಿಲ ಹತ್ತಿರ ಕೂತಿದ್ದ ಅತ್ತೆಯ ಧ್ವನಿ:

“ಗಟ್ಟಿ ಅಲ್ಲ ಕಣ್ರವ್ವ ಇವ್ಳು. ಒಣಗೋಗವ್ಳೆ.”

ಸಮಾಧಾನಮ್ಮ ತಿದ್ದಿದರು: “ಅಜ್ಜಿ, ನಮ್ಮವರು ಮತ್ತೆ ಸಿಗ್ತಾರೆ ಅನ್ನೋ ನಿರೀಕ್ಷೆ ನಮಗಿದೆ. ಅದಕ್ಕೇ ಅಳೋದಿಲ್ಲ.”

“ನಿಮ್ ಮಗ ಎಲ್ಲವ್ನೆ?”

“ಮಿಲಿಟರಿಯಲ್ಲಿ. ಜಮ್ಮು.”

“ರಜಾ ಮುಗ್ಸಿ ಹೊರಟಾಗ ವಾಪಸ್ ಬತ್ತಾನೆ ಅಂತ ಗೊತ್ತಿರ್ತದಲ್ಲ. ಗೊತ್ತಿದ್ರೂ ಸ್ಟೇಷನ್‌ನಲ್ಲಿ ಅಳಲ್ವಾ ನೀನು?”

ಸಮಾಧಾನಮ್ಮನವರದು ದೊಡ್ಡ ದೇಹ, ದೊಡ್ಡ ಧ್ವನಿ. ಆ ಧ್ವನಿ ಸಣ್ಣಗಾಗಿ “ಅಳ್ತೀನಿ” ಅಂದಿತು. ಕರ್ಚೀಫು ಹೊರಬಂತು. ಅವರ ಹಿಂದೆಯೇ ಖಜಾಂಚಿ. ಆಮೇಲೆ ಎಲ್ಲರೂ. ಯಾರ್ಯಾರಿಗೋ ಯಾರ್ಯಾರೋ ನೆನಪಾದರು. ಬಿಸ್ಕತ್ತು ಹಂಚುವವರೂ ಇಲ್ಲ. ಒಣಗಿದ ಕಣ್ಣಿನಲ್ಲಿ ನಿಂತವಳು ನಾನೊಬ್ಬಳೇ. ನಾನೇ ಹಂಚಿದೆ.

27 ಮಾರ್ಚ್, ಮಂಗಳವಾರ

ಜ್ಞಾನಮಿತ್ರ ಅಯ್ಯನವರಿಗೆ ಅತ್ತೆಯ ಮೇಲೆ ಬಹಳ ಆಸೆ. ಈಸ್ಟರ್ ಹಬ್ಬಕ್ಕೆ ದೀಕ್ಷಾಸ್ನಾನ ಕೊಡಬಹುದೇ ಅಂತ ಕೇಳಲು ಬಂದರು. ಅವರ ಕೈಯಿಂದ ದೊಡ್ಡವರಿಗೆ ಕೊಡುವ ಮೊದಲನೆಯದಂತೆ. ಪಾಪ, ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಸುದ್ದಿ ಅವರಿಗಿಂತ ಮೊದಲೇ ಗುಬ್ಬಿ ಮುಟ್ಟಿತ್ತು. ಅರ್ಧ ಗಂಟೆಯಲ್ಲಿ ಏಕಾಂತಯ್ಯ ಹಾಜರ್.

“ಮಗನ್ನ ತಗೊಂಡ್ರಿ, ಸಾಲ್ದು ಅಂತ ಈಗ ಅವ್ವನ್ನೂ ತಗೋತೀರಾ?”

“ಅಜ್ಜಿಯವರೇ ಪ್ರಶ್ನೆ ಕೇಳ್ತಿದ್ದಾರೆ...”

“ಅವ್ವ ಎಲ್ರನ್ನೂ ಪ್ರಶ್ನೆ ಕೇಳ್ತಾಳೆ ಸ್ವಾಮಿ! ಕರೆಂಟ್ ಬಿಲ್‌ನೋನ್ನೂ ಕೇಳ್ತಾಳೆ!”

ಅತ್ತೆ ಕೋಲು ಕುಟ್ಟಿದರು.

“ಅಯ್ನೋರೇ, ನೀರು ಹಾಕಿಸ್ಕೊಂಡ್ರೆ ನನ್ ಮಗ ನಂಗೆ ಸಿಗ್ತಾನಾ?”

“ಸಿಗ್ತಾರೆ ಅಜ್ಜಿ.”

“ಹಾಕಿಸ್ಕೊಳ್ದಿದ್ರೆ?”

ಅಯ್ಯನವರು ಕಾಫಿ ಲೋಟದೊಳಗೆ ನೋಡಿದರು. ಒಳ್ಳೆಯ ಹುಡುಗ, ಸುಳ್ಳು ಬರುವುದಿಲ್ಲ, ನಿಜ ಹೇಳಲು ಮನಸ್ಸಿಲ್ಲ. ಆ ಮೌನ ಅತ್ತೆಗೆ ಅರ್ಥವಾಯಿತು.

“ಇದು?” ಅತ್ತೆ ಎದೆಯ ಮೇಲಿನ ಲಿಂಗ ಹಿಡಿದು ತೋರಿಸಿದರು.

“ಅದನ್ನ... ತೆಗೀಬೇಕಾಗುತ್ತೆ.”

“ನಾಳೆ ಹೇಳ್ತೀನಿ” ಅಂದರು ಅತ್ತೆ. ರಾತ್ರಿ ಊಟ ಮಾಡಲಿಲ್ಲ.

28 ಮಾರ್ಚ್, ಬುಧವಾರ

ನಾನು ಸ್ಕೂಲಿಗೆ ಹೊರಡುವ ಮುಂಚೆ ಹೇಳಿದರು.

“ಆಗಲ್ಲ ಕಣೇ. ಇದು ನಮ್ಮಪ್ಪನ ಕಾಲದಿಂದ ಎದೆ ಮೇಲದೆ. ಗುರುಸಿದ್ದ ಹಾಲು ಕುಡಿಯೋವಾಗ ಇದನ್ನ ಹಿಡ್ಕೊಂಡೇ ಕುಡೀತಿದ್ದ. ಬಿಡಿಸ್ಕೊಂಡ್ರೆ ಅಳ್ತಿದ್ದ. ಇದನ್ನ ಬಿಚ್ಚಿಟ್ಟು ಹೋದ್ರೆ ಅವ್ನು ನನ್ ಗುರ್ತು ಹಿಡಿಯೋದು ಹೆಂಗೆ?”

ನನ್ನ ಕೈಯಲ್ಲಿ ಟಿಫಿನ್ ಕ್ಯಾರಿಯರ್. ಮೂವತ್ತು ವರ್ಷದ ಸಂಡೇ ಸ್ಕೂಲು, ಒಂದು ಮಾತೂ ಹೊರಡಲಿಲ್ಲ.

“ಸಿಗಲ್ಲ ಅಂದ್ಮೇಲೆ ಇಲ್ಲಿ ಕಾಯೋದೇನಕ್ಕೆ? ನಿಟ್ಟೂರಿಗೆ ಹೋಗ್ತೀನಿ.”

ಸಂಜೆ ಬಂದಾಗ ಹೋಗಿದ್ದರು. ಹಿತ್ತಲಿನ ಮೂರು ಕಲ್ಲು ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿಟ್ಟಿದ್ದರು.

31 ಮಾರ್ಚ್, ಶನಿವಾರ

ಪಾತ್ರೆಗಳೆಲ್ಲ ಒಳಗೆ ಬಂದವು. ಮೊಟ್ಟೆ ಬೇಯಿಸಿದೆ. ತಿನ್ನಲಿಲ್ಲ.

8 ಏಪ್ರಿಲ್, ಗರಿಗಳ ಭಾನುವಾರ. ಕುಣಿಗಲ್

ಮಗಳ ಮನೆಗೆ ಬಂದಿದ್ದೇನೆ. ಪ್ರಿಯಲತಾ ಇಲ್ಲಿ ನರ್ಸು, ಎಲ್ಲರ ನಾಡಿ ಹಿಡಿದು ಅಭ್ಯಾಸ. ನನ್ನದೂ ಹಿಡಿದಳು.

“ಅಮ್ಮ, ಅಜ್ಜಿ ಇದ್ದಾಗ ನೀನು ದಿನಾ ಜಗಳ ಅಂತ ಕಾಗದ ಬರೀತಿದ್ದೆ. ನಾಲ್ಕು ಪುಟ. ಈಗ ಬರೆದ ಕಾಗದ ನೋಡು. ನಾಲ್ಕು ಸಾಲು.”

“ಬರೆಯೋಕೆ ಏನೂ ಇಲ್ಲ.”

“ಅಜ್ಜಿ ಅಷ್ಟು ಪ್ರಶ್ನೆ ಕೇಳಿದ್ರಲ್ಲ, ನೀನು ಯಾವುದಕ್ಕಾದ್ರೂ ಉತ್ತರ ಕೊಟ್ಟೆಯಾ?”

“ಅಯ್ಯನವರು ಕೊಟ್ಟರು.”

“ಅಯ್ಯನವರಿಗೆ ಅಪ್ಪ ಎಷ್ಟು ದಿನದ ಪರಿಚಯ? ಆರು ತಿಂಗಳು.”

ಇವಳು ಯಾವಾಗ ಇಷ್ಟು ದೊಡ್ಡವಳಾದಳು?

11 ಏಪ್ರಿಲ್, ಬುಧವಾರ

ರಜಾ ಹಾಕಿದೆ. ಎಂಟು ಗಂಟೆಯ ಬಸ್ಸು. ನಿಟ್ಟೂರಿನಲ್ಲಿ ಇಳಿದು ಮನೆ ಎಲ್ಲಿ ಅಂತ ವಿಚಾರಿಸಿದೆ. ಮದುವೆಯಾಗಿ ಮೂವತ್ತೊಂದು ವರ್ಷ, ಗಂಡ ಹುಟ್ಟಿದ ಮನೆಯ ದಾರಿ ಬೀಡಿ ಅಂಗಡಿಯವನು ಹೇಳಬೇಕಾಯಿತು.

ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ತಲೆ ಎತ್ತಿದರು. “ಬಿಸಿಲಲ್ಲಿ ಯಾಕ್ ಬಂದೆ?” ನಾನೂ ಜಗಲಿಯ ಮೇಲೆ ಕೂತೆ. ಇವರು ಕೂರುತ್ತಿದ್ದ ಜಾಗ ಕೇಳಬೇಕಾಗಲಿಲ್ಲ. ಕಂಬದ ಪಕ್ಕ ಗೋಡೆಯ ಮೇಲೆ, ತಲೆ ಒರಗಿ ಒರಗಿ, ಎಣ್ಣೆಯ ಕಪ್ಪು ಗುರುತು. ಮೂವತ್ತಮೂರು ವರ್ಷದ ಎಣ್ಣೆ. ಎಷ್ಟು ಸಲ ಸುಣ್ಣ ಹೊಡೆದರೂ ಹೋಗಿಲ್ಲ.

ಹೇಳಬೇಕಾದ ಮಾತುಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ, ವಾಕ್ಯ, ಅಧ್ಯಾಯ ಸಮೇತ. ಚೀಟಿ ತೆಗೆಯಲಿಲ್ಲ. ಆ ಗುರುತು ನೋಡಿ ಎಲ್ಲಿಲ್ಲದ ಸಿಟ್ಟು ಬಂತು.

“ಮೂವತ್ತಮೂರು ವರ್ಷ ನೀವು ಇವರನ್ನ ಒಳಗೆ ಬಿಡಲಿಲ್ಲ. ಇವರು ಒಂದು ತಿಂಗಳಾದ್ರೂ ಬರೋದು ತಪ್ಪಿಸಿದ್ರಾ?”

ಅತ್ತೆಯ ಕೈ ನಿಂತಿತು. “ಇಲ್ಲ.”

“ಬಾಗಿಲು ಹಾಕಿದ್ದಾಗಲೇ ಬಂದೋರು, ಎದ್ದ ಮೇಲೆ ಬರದೇ ಇರ್ತಾರಾ? ಯಾರೋ ಬೇಡ ಅಂದ್ರು ಅಂತ ಅಲ್ಲೇ ಸುಮ್ನೆ ಕೂರೋರಾ ಇವರು? ದೇವರ ಹತ್ರಾನೇ ಹಟ ಮಾಡಿ ಬರ್ತಾರೆ. ನೀವು ಎಲ್ಲೇ ಇರಿ, ಲಿಂಗ ಕಟ್ಕೊಂಡಿರಿ, ಏನೇ ಕಟ್ಕೊಂಡಿರಿ. ಬರ್ತಾರೆ ಅತ್ತೆ. ನಂಗೊತ್ತು!”

ಕಿರುಚಿದ್ದೆ. ನನಗೆ ಗೊತ್ತು ಅನ್ನುವುದು ಕಿರುಚಿದ ಮೇಲೆ ನನಗೆ ಗೊತ್ತಾಯಿತು. ಎರಡು ತಿಂಗಳಿಂದ ಗೊತ್ತಿರಲಿಲ್ಲ. ಆಮೇಲೆ ಗೋಡೆಯ ಆ ಗುರುತಿಗೆ ತಲೆ ಒರಗಿಸಿದೆ. ಅಷ್ಟೇ. ಬಂತು. ಬಾಯಿ ಮುಚ್ಚಿಕೊಳ್ಳಲು ಹೋದೆ, ಆಗಲಿಲ್ಲ. ಬೀದಿಯ ನಾಯಿ ಎದ್ದು ದೂರ ಹೋಯಿತು.

ಅತ್ತೆ ನನ್ನ ಬೆನ್ನ ಮೇಲೆ ಹುಣಸೆಹಣ್ಣಿನ ಕೈ ಇಟ್ಟು, ಎದುರು ಮನೆಗೆ ಕೂಗಿದರು: “ಏ ದೊಡ್ಡಗಂಗೀ, ಬಾರೇ ಇಲ್ಲಿ! ನನ್ ಸೊಸೆ ಅತ್ಲು ಕಣೇ!” ಗಂಡುಮಗು ಹುಟ್ಟಿದ ಸುದ್ದಿ ಹೇಳುವ ಹಾಗೆ. ದೊಡ್ಡಗಂಗಮ್ಮ ಬಂದರು. ಅವರ ಹಿಂದೆ ನಾಲ್ಕು ಜನ. ಎಲ್ಲರೂ ಜಗಲಿಯಲ್ಲಿ ಕೂತು ಅತ್ತರು. ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು, ಇವರನ್ನು ಕಂಡೇ ಇಲ್ಲದವಳು, ಎಲ್ಲರಿಗಿಂತ ಜೋರಾಗಿ.

ಮುಗಿದ ಮೇಲೆ ಅತ್ತೆ ಅಂದರು: “ಏಳು, ಒಳಕ್ಕೆ ಬಾ. ಮುದ್ದೆ ಆರೋಯ್ತದೆ.”

“ಜಗಲಿ ಸಾಕು ಅತ್ತೆ.”

“ನೀನು ಒಳಕ್ಕೆ ಬರ್ದಿದ್ರೆ, ಅವ್ನು ಬಂದಾಗ ನಾನೇನ್ ಹೇಳ್ಲಿ?”

ಹೋದೆ. ಒಳಗೆ ಸೆಕೆ. ಇವರು ಹೇಳಿದ್ದು ನಿಜ, ಜಗಲಿಯಲ್ಲೇ ಗಾಳಿ ಚೆನ್ನಾಗಿ ಬರುತ್ತದೆ.

15 ಏಪ್ರಿಲ್, ಭಾನುವಾರ. ಈಸ್ಟರ್. ಮಧ್ಯಾಹ್ನ 2

ನಿನ್ನೆ ಸಂಜೆಯೇ ಏಕಾಂತಯ್ಯ ಅತ್ತೆಯನ್ನು ಕರೆದುಕೊಂಡು ಬಂದರು. “ಹಟ ಹಿಡಿದವ್ಳೆ” ಅಂದರು, ಅಷ್ಟೇ. ಮೂರು ಕಲ್ಲು ಮತ್ತೆ ಒಲೆಯಾಯಿತು.

ಬೆಳಿಗ್ಗೆ ಐದಕ್ಕೆ ಸಮಾಧಿಗಳ ತೋಟದಲ್ಲಿ ಆರಾಧನೆ. ಕೈಯಲ್ಲಿ ಮೇಣದ ಬತ್ತಿ, ಪೂರ್ವಕ್ಕೆ ಮುಖ. ವಿಶ್ವಾಸ ಪ್ರಮಾಣ ಪೂರ್ತಿ ಹೇಳಿದೆ. ಒಂದು ಸಾಲಿನಲ್ಲಿ ಧ್ವನಿ ಒಡೆಯಿತು, ಆದರೆ ನಿಲ್ಲಲಿಲ್ಲ. ಅಳುತ್ತಲೇ ಹೇಳಿದೆ. ಸಮಾಧಾನಮ್ಮ ಕರ್ಚೀಫು ಕೊಟ್ಟರು. ಒದ್ದೆಯಾಗಿತ್ತು, ಅವರೇ ಮೊದಲು ಉಪಯೋಗಿಸಿದ್ದರು.

ಸೂರ್ಯ ಹುಟ್ಟಿದ ಮೇಲೆ ಅತ್ತೆ ಮಗನ ಪಕ್ಕ ಕೂತರು. ಮಣ್ಣು ಇನ್ನೂ ಹಸಿ ಬಣ್ಣದಲ್ಲೇ ಇದೆ.

“ಇವತ್ತಲ್ಲ ಅಂತ ಗೊತ್ತು ಕಣಪ್ಪ, ಅವಸರ ಮಾಡ್ಬ್ಯಾಡ. ಸುಮ್ಕೆ ಊರಿನ ಸುದ್ದಿ ಹೇಳೋಗಣ ಅಂತ ಬಂದೆ.” ಯಾರ ಹಸು ಗಬ್ಬ, ಯಾರ ಮನೆ ಬಾವಿಗೆ ನೀರು ಬಂತು, ದೊಡ್ಡಗಂಗಮ್ಮನ ಮಂಡಿ ನೋವು. ಅಯ್ಯನವರು ಕೈ ಕಟ್ಟಿ ನಿಂತು ಎಲ್ಲವನ್ನೂ ಕೇಳಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: “ಟೀಚರ್, ಅವತ್ತು ಅಜ್ಜಿ ಕೇಳಿದಾಗ ನಾನು ಸುಮ್ಮನಾದೆನಲ್ಲ... ಅದು ಸರಿಯಾಗಲಿಲ್ಲ. ನಮ್ಮ ಸೆಮಿನರಿಯ ಪ್ರೊಫೆಸರಿಗೆ ಕಾಗದ ಬರೆದಿದ್ದೇನೆ.”

“ಅವರು ಏನಂದ್ರು?”

“ಅವರಿಗೂ ಗೊತ್ತಿಲ್ಲವಂತೆ. ಅಜ್ಜಿ ಹೇಗಿದ್ದಾರೆ ಅಂತ ಕೇಳಿದ್ದಾರೆ.”

ಏಕಾಂತಯ್ಯ ಒಳಗೆ ಬರಲಿಲ್ಲ. ಗೇಟಿನ ಹೊರಗೇ ನಿಂತಿದ್ದರು. ಆದರೆ ಚಪ್ಪಲಿ ಬಿಟ್ಟಿದ್ದರು. ನಾನು ಹೊರಗೆ ಬಂದಾಗ ಟವಲ್ ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. ಮತ್ತೆ ಮೊದಲ ಹೆಗಲಿಗೇ ಹಾಕಿಕೊಂಡರು.

“ಅತ್ಗೆಮ್ಮ, ಅಣ್ಣ ಅವ್ವನ ಹತ್ರ ಬತ್ತಾನೆ ಅಂದ್ರಂತೆ.”

“ಹೌದು.”

“ನಾನು ಅವ್ನ ಮದ್ವೆಗೆ ಬರ್ಲಿಲ್ಲ. ಗುಬ್ಬೀಲಿ ಅಂಗಡಿ ಮುಂದೆ ಸೈಕಲ್ ಮೇಲೆ ಬಂದ್ರೆ ನಾನು ಮೂಟೆ ಹಿಂದಕ್ಕೆ ಹೋಗ್ಬುಡ್ತಿದ್ದೆ. ಅವ್ನು ಬೆಲ್ ಹೊಡೆದು ಹೋಗ್ತಿದ್ದ. ಪ್ರತಿ ಸಲಾನೂ ಹೊಡೀತಿದ್ದ.” ರಸ್ತೆ ಕಡೆ ನೋಡುತ್ತಾ ಕೇಳಿದರು: “ನನ್ ಹತ್ರಾನೂ ಬತ್ತಾನಾ?”

ಗೊಬ್ಬರದ ಮೂಟೆಯಂಥ ಮನುಷ್ಯ. ಕಣ್ಣು ಕೆಂಪಾಗಿತ್ತು.

“ನಿಟ್ಟೂರಿಗೆ ಹೋಗೋ ದಾರೀಲೇ ಅಲ್ವಾ ಗುಬ್ಬಿ? ಮೊದಲು ನಿಮ್ಮ ಅಂಗಡಿಗೇ ಬರ್ತಾರೆ. ನೀವು ಮೂಟೆ ಹಿಂದೆ ಹೋಗದೇ ಇದ್ರೆ ಸರಿ.”

ಹಿಂದಿನಿಂದ ಕೋಲಿನ ಸದ್ದು. “ಯಾಕೆ ಮೊದ್ಲು ಗುಬ್ಬಿ? ಹೆತ್ತೋಳು ನಾನು! ಮೊದ್ಲು ನಿಟ್ಟೂರು. ವಾಪಸ್ ಹೋಗ್ತಾ ಗುಬ್ಬಿ.”

“ಅವ್ವ, ಗುಬ್ಬಿ ದಾಟ್ಕೊಂಡೇ ಬರ್ಬೇಕು ನಿಟ್ಟೂರಿಗೆ!”

“ದಾಟ್ಕೊಂಡ್ ಬರ್ಲಿ. ಇಳೀಬ್ಯಾಡ ಅಂತೀನಿ.”

“ಇಬ್ಬರೂ ಒಂದು ನಿಮಿಷ” ಅಂದೆ ನಾನು. “ತುಮಕೂರಿನಲ್ಲಿ ಇರೋಳು ನಾನು. ಇಲ್ಲಿಂದ ಮನೆ ಹತ್ತು ನಿಮಿಷ. ಮೊದಲು ಮನೆಗೆ ಬರಬೇಕು, ಬಚ್ಚಲಿಗೆ ಹೋಗಬೇಕು, ಕಾಫಿ ಕುಡೀಬೇಕು. ಆಮೇಲೆ ನೀವು.”

ಸಮಾಧಿಗಳ ಗೇಟಿನಲ್ಲಿ ಮೂವರೂ ದೊಡ್ಡ ಧ್ವನಿಯಲ್ಲಿ. ಅಯ್ಯನವರು ದೂರದಿಂದ ನೋಡಿದರು, ನಕ್ಕರು, ಇನ್ನೊಂದು ಗೇಟಿನಿಂದ ಹೋದರು.

ಹಬ್ಬದ ಊಟವಾಯಿತು. ಅತ್ತೆ ಮಾಡಿದ ಹೋಳಿಗೆ, ನಾನು ಮಾಡಿದ ಪಾಯಸ. ಏಕಾಂತಯ್ಯ ಎರಡನ್ನೂ ಸಮನಾಗಿ ಉಂಡರು, ಜಾಣರು. ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಈಗ ಹಾಲ್‌ನಲ್ಲಿ ಏಕಾಂತಯ್ಯ ಬಸ್ಸಿನ ಟೈಮ್ ಹೇಳುತ್ತಿದ್ದಾರೆ, ಅತ್ತೆ ಬಸ್ಸು ಯಾಕೆ, ರೈಲಿನಲ್ಲೇ ಬರುತ್ತಾನೆ, ಗುಬ್ಬಿಯಲ್ಲಿ ನಿಲ್ಲದ ರೈಲು ಯಾವುದಾದರೂ ಇದೆಯಾ ಅಂತ ಕೇಳುತ್ತಿದ್ದಾರೆ. ಇಬ್ಬರೂ ತಪ್ಪು. ಹೋಗಿ ಹೇಳಬೇಕು. ಇವರು ಬರುವುದು ಸೈಕಲ್ ಮೇಲೆ.